ಡಾಂಬರು ಮಿಶ್ರಣದ ಪಾಠ ಮತ್ತು ನಮ್ಮ ಮಕ್ಕಳ ಶಿಕ್ಷಣ

(ಸೊನ್ನದಲ್ಲಿ ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.

 

ಕಾರ್ಯದರ್ಶಿಗಳು ಫೋನ್ ಮಾಡಿ, 'ಶಿಕ್ಷಣದ ಮಹತ್ವ' ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕೇಳಿದರು. ಆ ವಿಷಯದ ಮೇಲೆ ನೀವು ಬಹಳ ಭಾಷಣ ಕೇಳಿದ್ದೀರಿ. ಇಲ್ಮ್ ಕಲಿಯುವುದು ಕಡ್ಡಾಯ ಎಂಬುದನ್ನು ನಿಮಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಅದಕ್ಕೆ ಬದಲಾಗಿ ನಾನು ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವರ್ಷವೂ ಹೇಳುವ ಒಂದೇ ಒಂದು ಪಾಠವನ್ನು ನಿಮ್ಮ ಮುಂದೆ ಇಡುತ್ತೇನೆ. ರಸ್ತೆಗೆ ಹಾಕುವ ಡಾಂಬರಿನಲ್ಲಿ ಖಡಿ ಎಷ್ಟು, ಡಾಂಬರು ಎಷ್ಟು ಇರಬೇಕೆಂದು ನಿರ್ಧರಿಸುವ ಪಾಠ ಅದು. ಪುಸ್ತಕದ ಭಾಷೆಯಲ್ಲಿ ಅದಕ್ಕೆ 'ಬಿಟುಮಿನಸ್ ಮಿಕ್ಸ್ ಡಿಸೈನ್' ಎನ್ನುತ್ತಾರೆ. ನಮ್ಮ ಶಿಕ್ಷಣದಲ್ಲಿ ಏನು ಸರಿ ಇದೆ, ಏನು ತಪ್ಪಿದೆ ಎಂಬುದು ಈ ಒಂದು ಪಾಠದಲ್ಲೇ ಕಾಣುತ್ತದೆ ಎಂದು ನನ್ನ ಅನಿಸಿಕೆ.

ಸೊನ್ನ ಎಂದ ಕೂಡಲೇ ದೂರದ ಊರಿನವರು "ಸೊನ್ನೆಯೇ?" ಎಂದು ಕೇಳಿ ನಗುವುದುಂಟು. ನಗಲಿ. ಸೊನ್ನೆಯ ಬೆಲೆ ತಿಳಿದವರೇ ಲೆಕ್ಕ ಕಲಿತವರು. ಆದರೆ ನಾನು ಹೇಳುವ ಪಾಠದಲ್ಲಿ ಸೊನ್ನೆ ಆಗಲೇಬಾರದ ಒಂದು ಸಂಖ್ಯೆ ಇದೆ. ಅದು ಯಾವುದು ಎಂಬುದನ್ನು ಮುಂದೆ ಹೇಳುತ್ತೇನೆ.

ಶೇಂಗಾ ಉಂಡಿಯಿಂದ ಪಾಠದ ಆರಂಭ

ನಮ್ಮ ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಕಲಿತು, ಒಮ್ಮೆಲೇ ಇಂಗ್ಲಿಷ್ ಪುಸ್ತಕದ ಮುಂದೆ ಬಂದು ಕುಳಿತುಕೊಳ್ಳುತ್ತಾರೆ. ಮೊದಲ ದಿನವೇ ನಾನು ಸೂತ್ರ ಬರೆದರೆ ಅವರು ಅದನ್ನು ಬಾಯಿಪಾಠ ಮಾಡುತ್ತಾರೆ, ಅರ್ಥ ಮಾಡಿಕೊಳ್ಳುವುದಿಲ್ಲ. ಆದ್ದರಿಂದ ನಾನು ಶೇಂಗಾ ಉಂಡಿಯಿಂದ ಆರಂಭಿಸುತ್ತೇನೆ.

ಮನೆಯಲ್ಲಿ ತಾಯಂದಿರು ಉಂಡಿ ಕಟ್ಟುವುದನ್ನು ನೋಡಿದ್ದೀರಿ. ಬೆಲ್ಲದ ಪಾಕ ಕಡಿಮೆಯಾದರೆ ಉಂಡಿ ಕೈಯಲ್ಲಿಯೇ ಉದುರುತ್ತದೆ. ಪಾಕ ಹೆಚ್ಚಾದರೆ ಬೇಸಿಗೆಯಲ್ಲಿ ಡಬ್ಬಿಯೊಳಗೆ ಕುಸಿದು ಒಂದಕ್ಕೊಂದು ಅಂಟುತ್ತದೆ. ಪಾಕ ಆರಿದ ಮೇಲೆ ಎಷ್ಟು ಒತ್ತಿದರೂ ಉಂಡಿ ಕಟ್ಟುವುದಿಲ್ಲ. ರಸ್ತೆಯ ವಿಷಯವೂ ಇಷ್ಟೇ. ಖಡಿ ಶೇಂಗಾ, ಡಾಂಬರು ಪಾಕ, ರೋಲರ್ ತಾಯಿಯ ಕೈ. ಡಾಂಬರು ಕಡಿಮೆಯಾದರೆ ಖಡಿ ಕಿತ್ತು ಬರುತ್ತದೆ. ಹೆಚ್ಚಾದರೆ ಬೇಸಿಗೆಯಲ್ಲಿ ಮೇಲೆ ಉಕ್ಕಿ ಹೊಳೆಯುತ್ತದೆ, ಚಕ್ರ ಹೋದ ಕಡೆ ಗಾಡಿದಾರಿಯಂತೆ ತಗ್ಗು ಬೀಳುತ್ತದೆ. ಆರಿದ ಮೇಲೆ ರೋಲರ್ ಹೊಡೆದರೆ ಉಪಯೋಗವಿಲ್ಲ.

ಎರಡನೆಯ ದಿನ ಒಂದು ಲೀಟರಿನ ಪಾತ್ರೆಯಲ್ಲಿ ಒಂದೇ ಗಾತ್ರದ ಖಡಿ ತುಂಬಿಸುತ್ತೇನೆ. ಪಾತ್ರೆ ತುಂಬಿತೇ ಎಂದು ಕೇಳಿದರೆ ಎಲ್ಲರೂ "ತುಂಬ್ಯದ ಸರ್" ಎನ್ನುತ್ತಾರೆ. ಆಮೇಲೆ ಅಳೆದು ನೀರು ಹಾಕಲು ಹೇಳುತ್ತೇನೆ. ನಾಲ್ಕು ನೂರು ಮಿಲಿ ಲೀಟರಿಗೂ ಹೆಚ್ಚು ನೀರು ಒಳಗೆ ಹೋಗುತ್ತದೆ! ದೊಡ್ಡ ಖಡಿ, ಸಣ್ಣ ಖಡಿ, ಕಲ್ಲಿನ ಪುಡಿ ಎಲ್ಲವನ್ನೂ ಹದವಾಗಿ ಬೆರೆಸಿ ಕುಟ್ಟಿ ತುಂಬಿಸಿದಾಗ ಹಿಡಿಯುವ ನೀರು ಬಹಳ ಕಡಿಮೆಯಾಗುತ್ತದೆ. ಖಡಿಗಳ ನಡುವೆ ಉಳಿಯುವ ಈ ಜಾಗಕ್ಕೆ ಪುಸ್ತಕದಲ್ಲಿ 'ವಿ.ಎಂ.ಎ.' ಎಂಬ ಹೆಸರು ಇದೆ. ಆ ಜಾಗದ ಹೆಚ್ಚಿನ ಪಾಲನ್ನು ಡಾಂಬರು ತುಂಬುತ್ತದೆ. ಸ್ವಲ್ಪ ಪಾಲು ಗಾಳಿಗೆ ಬಿಡಬೇಕು.

ಈಗ ಆ ಸಂಖ್ಯೆಗೆ ಬರೋಣ. ಗಾಳಿಯ ಜಾಗ ಸೊನ್ನೆ ಆಗಬಾರದು. ಮಿಶ್ರಣದ ಒಟ್ಟು ಗಾತ್ರದಲ್ಲಿ ಶೇಕಡಾ 3ರಿಂದ 5ರವರೆಗೆ ಗಾಳಿ ಇರಬೇಕು. ವಿನ್ಯಾಸ ಮಾಡುವಾಗ ಸಾಮಾನ್ಯವಾಗಿ ಶೇಕಡಾ 4ನ್ನು ಗುರಿಯಾಗಿ ಇಟ್ಟುಕೊಳ್ಳುತ್ತೇವೆ. ಏಕೆಂದರೆ ಬಿಸಿಲಿಗೆ ಡಾಂಬರು ಹಿಗ್ಗುತ್ತದೆ, ವಾಹನಗಳ ಭಾರಕ್ಕೆ ರಸ್ತೆ ಇನ್ನಷ್ಟು ಅಮುಕುತ್ತದೆ. ಒಳಗೆ ಜಾಗವಿಲ್ಲದಿದ್ದರೆ ಡಾಂಬರು ಮೇಲೆಯೇ ಬರಬೇಕು. ಜಾಗ ಬಹಳವಾದರೆ ನೀರು ಮತ್ತು ಗಾಳಿ ಒಳಗೆ ಹೊಕ್ಕು ಖಡಿಯಿಂದ ಡಾಂಬರನ್ನು ಬಿಡಿಸುತ್ತವೆ. ಮನುಷ್ಯನ ಮನಸ್ಸಿನಲ್ಲಿಯೂ ಇನ್ನೊಬ್ಬರ ಮಾತಿಗೆ ಶೇಕಡಾ ನಾಲ್ಕಾದರೂ ಜಾಗ ಇರಬೇಕೆಂದು ನಾನು ಹುಡುಗರಿಗೆ ತಮಾಷೆ ಮಾಡುವುದುಂಟು.

ಮಾರ್ಷಲ್ ವಿಧಾನ

ಈ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವುದು ಮಾರ್ಷಲ್ ವಿಧಾನ. ಅಮೆರಿಕದ ಮಿಸಿಸಿಪಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ ಎಂಬ ಇಂಜಿನಿಯರ್ 1930ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರವಾದ ವಿಮಾನಗಳು ಇಳಿಯುವ ರನ್‌ವೇಗಳಿಗೆ ಬೇಕೆಂದು ಅಲ್ಲಿಯ ಸೈನ್ಯದ ಇಂಜಿನಿಯರುಗಳು ಇದನ್ನು ತಿದ್ದಿ ಬೆಳೆಸಿದರು. ಉಪಕರಣ ಸರಳವಾದುದರಿಂದ ಇದು ಜಗತ್ತಿನಾದ್ಯಂತ ಹರಡಿತು. ಆಮೇಲೆ ಅಮೆರಿಕದಲ್ಲಿ 1987ರಿಂದ 1993ರವರೆಗೆ ನಡೆದ ಸಂಶೋಧನೆಯಿಂದ 'ಸೂಪರ್‌ಪೇವ್' ಎಂಬ ಹೊಸ ವಿಧಾನ ಬಂದಿತು. ಆದರೂ ನಮ್ಮ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2013ರ ಐದನೆಯ ಪರಿಷ್ಕರಣೆಯ ನಿರ್ದಿಷ್ಟತೆಗಳಲ್ಲಿಯೂ ಮಾರ್ಷಲ್ ವಿಧಾನವೇ ಮುಖ್ಯವಾಗಿದೆ.

ಈ ಪರೀಕ್ಷೆಯಲ್ಲಿ ಸುಮಾರು 1200 ಗ್ರಾಂ ಖಡಿಯನ್ನು ಕಾಯಿಸಿ, ಕಾಯಿಸಿದ ಡಾಂಬರು ಬೆರೆಸಿ, 101.6 ಮಿ.ಮೀ. ಅಗಲದ ಅಚ್ಚಿನಲ್ಲಿ ಹಾಕುತ್ತೇವೆ. 4.54 ಕಿಲೋ ತೂಕದ ಸುತ್ತಿಗೆಯನ್ನು 457 ಮಿ.ಮೀ. ಎತ್ತರದಿಂದ ಬಿಟ್ಟು, ಎರಡೂ ಮುಖಗಳಿಗೆ 75ರಂತೆ ಪೆಟ್ಟು ಕೊಡುತ್ತೇವೆ. ಸುಮಾರು 63.5 ಮಿ.ಮೀ. ದಪ್ಪದ ಬಿಲ್ಲೆ ಸಿದ್ಧವಾಗುತ್ತದೆ. ಅದನ್ನು ಗಾಳಿಯಲ್ಲಿ ತೂಗಬೇಕು, ನೀರಿನಲ್ಲಿ ತೂಗಬೇಕು, ನೀರಿನಿಂದ ತೆಗೆದು ಮೇಲ್ಮೈ ಒರೆಸಿ ಮತ್ತೆ ತೂಗಬೇಕು. ಆಮೇಲೆ 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಇಟ್ಟು, ಯಂತ್ರದಲ್ಲಿ ನಿಮಿಷಕ್ಕೆ 50.8 ಮಿ.ಮೀ. ವೇಗದಲ್ಲಿ ಒತ್ತಿ ಮುರಿಯುತ್ತೇವೆ. ಮುರಿಯುವಾಗ ತಡೆದ ಭಾರಕ್ಕೆ 'ಸ್ಟೆಬಿಲಿಟಿ' ಎಂದೂ ಅಷ್ಟರೊಳಗೆ ಬಿಲ್ಲೆ ಬಗ್ಗಿದ ಅಳತೆಗೆ 'ಫ್ಲೋ' ಎಂದೂ ಹೆಸರು. ವಿ.ಜಿ.-30 ಡಾಂಬರಿನ ಮಿಶ್ರಣಕ್ಕೆ ಸ್ಟೆಬಿಲಿಟಿ ಕನಿಷ್ಠ 9 ಕಿಲೋನ್ಯೂಟನ್ ಇರಬೇಕು, ಫ್ಲೋ 2ರಿಂದ 4 ಮಿ.ಮೀ. ಒಳಗೆ ಇರಬೇಕು.

ವಿದ್ಯಾರ್ಥಿಗಳೇ, ಒಂದು ಸಣ್ಣ ಲೆಕ್ಕ ಮಾಡೋಣ. ಬಿಲ್ಲೆಯ ತೂಕ ಗಾಳಿಯಲ್ಲಿ 1210 ಗ್ರಾಂ, ಒರೆಸಿದ ಮೇಲೆ 1214 ಗ್ರಾಂ, ನೀರಿನಲ್ಲಿ 718 ಗ್ರಾಂ ಎಂದುಕೊಳ್ಳಿ. 1214ರಲ್ಲಿ 718 ಕಳೆದರೆ 496. ಇದು ಬಿಲ್ಲೆಯ ಗಾತ್ರ. 1210ನ್ನು 496ರಿಂದ ಭಾಗಿಸಿದರೆ 2.44. ಇದು ಬಿಲ್ಲೆಯ ಸಾಪೇಕ್ಷ ಸಾಂದ್ರತೆ. ಅದೇ ಮಿಶ್ರಣದಲ್ಲಿ ಗಾಳಿಯೇ ಇಲ್ಲದಿದ್ದರೆ ಸಾಂದ್ರತೆ 2.55 ಆಗುತ್ತಿತ್ತು ಎಂದು ಬೇರೆ ಪರೀಕ್ಷೆಯಿಂದ ತಿಳಿದಿದೆ. ವ್ಯತ್ಯಾಸ 0.11. ಅದನ್ನು 2.55ರಿಂದ ಭಾಗಿಸಿದರೆ ಗಾಳಿ ಶೇಕಡಾ 4.3. ಮಿಶ್ರಣ ಪಾಸು.

ಇಲ್ಲಿಯೇ ಅನೇಕ ವಿದ್ಯಾರ್ಥಿಗಳು ಎಡವುವ ಒಂದು ಜಾಗವಿದೆ. ಈ ಮಿಶ್ರಣದಲ್ಲಿ ಡಾಂಬರು ತೂಕದ ಲೆಕ್ಕದಲ್ಲಿ ಶೇಕಡಾ 5.4 ಇದ್ದರೆ, ಗಾತ್ರದ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 13 ಆಗುತ್ತದೆ. ಕಲ್ಲು ಭಾರ, ಡಾಂಬರು ಹಗುರ. ತೂಗುವುದು ತೂಕದಲ್ಲಿ, ಆದರೆ ರಸ್ತೆ ಕೆಲಸ ಮಾಡುವುದು ಗಾತ್ರದಲ್ಲಿ. ಆಳಂದ, ಅಫಜಲಪುರ ಕಡೆಯ ಕಪ್ಪು ಕಲ್ಲು ದಖನ್ ಟ್ರ್ಯಾಪಿನ ಬಸಾಲ್ಟ್. ಬಹಳ ಕಡೆಯ ಕಲ್ಲಿಗಿಂತ ಇದು ಭಾರ. ಕನಿಷ್ಠ ಡಾಂಬರಿನ ಪ್ರಮಾಣವನ್ನು ನಿರ್ದಿಷ್ಟತೆಯಲ್ಲಿ ಹೇಳಿರುವುದು 2.7 ಸಾಂದ್ರತೆಯ ಕಲ್ಲಿಗೆ. ಕಲ್ಲು ಅದಕ್ಕಿಂತ ಭಾರವಾದರೆ ಆ ಪ್ರಮಾಣವನ್ನು ಅದೇ ಅನುಪಾತದಲ್ಲಿ ಇಳಿಸಲು ಅವಕಾಶವಿದೆ. ಅರ್ಥ ತಿಳಿದವನು ಇದನ್ನು ಲೆಕ್ಕ ಮಾಡಿ ಬಳಸುತ್ತಾನೆ. ಅರ್ಥ ತಿಳಿಯದವನು ಇದನ್ನೇ ಡಾಂಬರು ಉಳಿಸುವ ನೆಪ ಮಾಡಿಕೊಳ್ಳುತ್ತಾನೆ.

ನಾನು ಮಾಡಿದ ತಪ್ಪು

ಈಗ ನನ್ನದೇ ಒಂದು ವಿಷಯ ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಡಾಂಬರಿನ ಸರಿಯಾದ ಪ್ರಮಾಣ ತಿಳಿಯಲು ಐದು ಬೇರೆ ಬೇರೆ ಪ್ರಮಾಣಗಳಲ್ಲಿ ಮೂರು ಮೂರು ಬಿಲ್ಲೆ, ಅಂದರೆ ಒಟ್ಟು ಹದಿನೈದು ಬಿಲ್ಲೆ ಮಾಡಬೇಕು. ಮೂರು ತಾಸಿನ ಪ್ರಯೋಗದಲ್ಲಿ ಒಂದು ತಂಡದಿಂದ ಇದು ಆಗುವ ಕೆಲಸವಲ್ಲ. ಆದ್ದರಿಂದ ಅನೇಕ ಕಡೆ ಒಂದು ಬಿಲ್ಲೆ ಮಾಡಿ ತೋರಿಸಿ, ಉಳಿದ ಅಂಕಿಗಳನ್ನು ಹಳೆಯ ರೆಕಾರ್ಡ್ ಪುಸ್ತಕದಿಂದ ಬರೆಯಿಸುವ ರೂಢಿ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೆಯೇ ಮಾಡಿಸಿದ್ದೇನೆ. ವಕ್ರರೇಖೆ ಅಂದವಾಗಿ ಬರುತ್ತಿತ್ತು, ಪರೀಕ್ಷಕರು ಅಂಕ ಕೊಡುತ್ತಿದ್ದರು. ಮಕ್ಕಳು ಕಲಿತದ್ದು ಮಾತ್ರ ಒಂದೇ. ಅಂಕಿಗಳನ್ನು ಹೇಗೆ ಬರೆಯಬಹುದು ಎಂಬುದು.

ಒಂದು ವರ್ಷ ಮನಸ್ಸು ತಡೆಯದೆ ವ್ಯವಸ್ಥೆ ಬದಲಿಸಿದೆ. ತರಗತಿಯನ್ನು ಐದು ತಂಡ ಮಾಡಿ, 4.5, 5.0, 5.5, 6.0, 6.5 ಎಂದು ಒಂದೊಂದು ತಂಡಕ್ಕೆ ಒಂದೊಂದು ಪ್ರಮಾಣ ಹಂಚಿದೆ. ಕೊನೆಗೆ ಐವರ ಅಂಕಿಗಳನ್ನು ಕೂಡಿಸಿ ಒಂದೇ ನಕ್ಷೆ ಬರೆಯಬೇಕು. ಒಂದು ತಂಡ ಸುಳ್ಳು ಬರೆದರೆ ಎಲ್ಲರ ರೇಖೆಯೂ ಸೊಟ್ಟಗಾಗುತ್ತದೆ. ಜಮಾಅತ್ ನಮಾಝಿನ ಸಾಲಿನಂತೆ, ಒಬ್ಬ ಸರಿದರೆ ಸಾಲು ಸರಿಯುತ್ತದೆ.

ನಾಲ್ಕು ತಂಡಗಳ ಗಾಳಿಯ ಪ್ರಮಾಣ ಕ್ರಮವಾಗಿ ಇಳಿಯುತ್ತ ಬಂದಿತು: 6.4, 5.2, ಆಮೇಲೆ 3.0, 2.2. ನಡುವಿನ 5.5ರ ತಂಡಕ್ಕೆ ಸುಮಾರು 4 ಬರಬೇಕಾಗಿತ್ತು. ಅವರಿಗೆ 6.8 ಬಂದಿತು! ಆ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಂದೆ ಡಾಂಬರು ಗ್ಯಾಂಗಿನಲ್ಲಿ ಕೂಲಿ ಮಾಡುತ್ತಿದ್ದರು. ಸಮಯ ಮೀರುತ್ತಿತ್ತು. ನಾನು ಹಳೆಯ ಅಭ್ಯಾಸದಂತೆ, "ಆ ಬಿಂದುವನ್ನು ನಾಲ್ಕರ ಹತ್ತಿರ ಇಟ್ಟುಕೊಳ್ಳಿ, ರೇಖೆ ಸರಿಯಾಗಿ ಬರುತ್ತದೆ" ಎಂದುಬಿಟ್ಟೆ.

ಆ ಹುಡುಗಿ ಪೆನ್ಸಿಲ್ ಕೆಳಗಿಟ್ಟು, "ಸರ್, ನಮಗ ಬಂದದ್ದು ಆರು ಪಾಯಿಂಟ್ ಎಂಟು ಅದರಿ. ಯಾಕ ಬಂತು ಅಂತ ನೋಡೋಣ್ರಿ" ಎಂದಳು.

ಅವಳ ದನಿಯಲ್ಲಿ ಎದುರುತ್ತರವಿರಲಿಲ್ಲ. ಆದರೆ ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ಮರುದಿನ ಎಲ್ಲರೂ ಕೂಡಿ ಹುಡುಕಿದೆವು. ತೂಕ ಸರಿಯಾಗಿತ್ತು, ತಕ್ಕಡಿ ಸರಿಯಾಗಿತ್ತು. ಕೊನೆಗೆ ತಿಳಿದದ್ದು ಇಷ್ಟು: ನಮ್ಮಲ್ಲಿ ಸುತ್ತಿಗೆ ಇದ್ದದ್ದು ಒಂದೇ. ಬೇರೆ ತಂಡ ಮುಗಿಸುವವರೆಗೆ ಇವರು ಮಿಶ್ರಣವನ್ನು ಹೊರಗೆ ಹಿಡಿದುಕೊಂಡು ನಿಂತಿದ್ದರು. ಅದೇ ರೀತಿ ಮತ್ತೆ ಮಾಡಿ ಥರ್ಮಾಮೀಟರ್ ಇಟ್ಟು ನೋಡಿದೆವು. ಪೆಟ್ಟು ಕೊಡುವ ಹೊತ್ತಿಗೆ ಶಾಖ 115 ಡಿಗ್ರಿಗೆ ಇಳಿದಿತ್ತು. ಪಾಕ ಆರಿದ ಉಂಡಿ! ಬಿಸಿ ಇದ್ದಾಗಲೇ ಕುಟ್ಟಿ ಮಾಡಿದ ಹೊಸ ಬಿಲ್ಲೆಗಳಲ್ಲಿ ಗಾಳಿ ನಾಲ್ಕರ ಸಮೀಪ ಬಂದಿತು.

ಸೊನ್ನದಂತಹ ಊರಿನ ರಸ್ತೆಯಲ್ಲಿ ಆಗುವುದೂ ಇದೇ. ಹಾಟ್ ಮಿಕ್ಸ್ ಪ್ಲಾಂಟ್ ದೂರದಲ್ಲಿರುತ್ತದೆ. ಟಿಪ್ಪರ್ ದಾರಿಯಲ್ಲಿ ನಿಲ್ಲುತ್ತದೆ, ಮೇಲೆ ತಾಡಪತ್ರಿ ಹೊದಿಸಿರುವುದಿಲ್ಲ. ವಿ.ಜಿ.-30 ಮಿಶ್ರಣವನ್ನು ಹರಡುವಾಗ ಕನಿಷ್ಠ 140 ಡಿಗ್ರಿ ಇರಬೇಕು, ರೋಲಿಂಗ್ 90 ಡಿಗ್ರಿಗೆ ಇಳಿಯುವ ಮೊದಲು ಮುಗಿಯಬೇಕು. ಕಾಗದದಲ್ಲಿ ಡಾಂಬರು ಸರಿಯಾಗಿದ್ದರೂ, ಆರಿದ ಮೇಲೆ ಹಾಕಿದ ರಸ್ತೆ ಮೊದಲ ಮಳೆಗೇ ಬಾಯಿ ಬಿಡುತ್ತದೆ. ಅಂದು ನಾನು ಹೇಳಿದಂತೆ ಆ ಬಿಂದುವನ್ನು ತಿದ್ದಿದ್ದರೆ ಆ ವರ್ಷದ ಅತ್ಯಂತ ದೊಡ್ಡ ಪಾಠವನ್ನೇ ಅಳಿಸಿದಂತಾಗುತ್ತಿತ್ತು.

ನೀರು, ಬಿಸಿಲು, ಕಬ್ಬಿನ ಟ್ರ್ಯಾಕ್ಟರ್

ನಮ್ಮ ಭಾಗದ ರಸ್ತೆಗೆ ಮೂರು ವೈರಿಗಳು. ಮೊದಲನೆಯದು ನೀರು. ಭೀಮಾ ನದಿಗೆ ಸೊನ್ನದಲ್ಲಿ ಕಟ್ಟಿದ ಬ್ಯಾರೇಜ್ ನಮ್ಮ ಹೊಲಗಳಿಗೆ ವರದಾನ. ಆದರೆ 2020ರ ಅಕ್ಟೋಬರಿನಲ್ಲಿ ಉಜನಿ ಕಡೆಯಿಂದ ಬಂದ ಮಹಾಪೂರವನ್ನು ನೀವೆಲ್ಲ ಕಂಡಿದ್ದೀರಿ. ಅಫಜಲಪುರ, ಜೇವರ್ಗಿ ತಾಲೂಕುಗಳ ನದಿ ದಂಡೆಯ ಹಳ್ಳಿಗಳು ಜಲಾವೃತವಾದವು, ರಸ್ತೆಗಳು ನೀರಿನಡಿ ಹೋದವು. ಡಾಂಬರು ಖಡಿಯನ್ನು ಹಿಡಿದಿದೆ ಎಂದು ನಾವು ತಿಳಿಯುತ್ತೇವೆ, ಆದರೆ ಖಡಿಗೆ ನೀರಿನ ಮೇಲೆಯೇ ಹೆಚ್ಚು ಪ್ರೀತಿ. ಅವಕಾಶ ಸಿಕ್ಕರೆ ಡಾಂಬರನ್ನು ಬಿಟ್ಟು ನೀರನ್ನು ಹಿಡಿಯುತ್ತದೆ. ಆದ್ದರಿಂದಲೇ ಬಿಲ್ಲೆಗಳನ್ನು ನೀರಿನಲ್ಲಿ ನೆನೆಸಿ ಸೀಳುವ ಪರೀಕ್ಷೆ ಇದೆ. ನೆನೆದ ಬಿಲ್ಲೆಗೆ ಒಣ ಬಿಲ್ಲೆಯ ಬಲದಲ್ಲಿ ಕನಿಷ್ಠ ಶೇಕಡಾ 80 ಉಳಿದಿರಬೇಕು. ಉಳಿಯದಿದ್ದರೆ ಪುಡಿಯ ಭಾಗದಲ್ಲಿ ಸುಣ್ಣ ಸೇರಿಸುವುದು ಒಂದು ಉಪಾಯ. ಇನ್ನು ಅಡಿಯಲ್ಲಿ ನಮ್ಮ ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣು. ಪಕ್ಕದ ಚರಂಡಿ ಸರಿಯಿಲ್ಲದಿದ್ದರೆ ಎಂಥ ಮಿಶ್ರಣವೂ ನಿಲ್ಲುವುದಿಲ್ಲ.

ಎರಡನೆಯದು ಬಿಸಿಲು. ಡಾಂಬರಿನ ದರ್ಜೆಯನ್ನು ಭಾರತೀಯ ಮಾನಕ 73ರ ಪ್ರಕಾರ ಆರಿಸುತ್ತೇವೆ. ಅತಿ ಬಿಸಿಲಿನ ಏಳು ದಿನಗಳ ಸರಾಸರಿ ಗರಿಷ್ಠ ಉಷ್ಣತೆ 38ರಿಂದ 45 ಡಿಗ್ರಿ ಇರುವ ಕಡೆಗೆ ವಿ.ಜಿ.-30, ಅದನ್ನೂ ಮೀರಿದರೆ ವಿ.ಜಿ.-40. ನಮ್ಮ ಮೇ ತಿಂಗಳು ಈ ಗಡಿಯ ಹತ್ತಿರವೇ ಸುಳಿಯುತ್ತದೆ.

ಮೂರನೆಯದು ಕಬ್ಬು ಹೊತ್ತ ಟ್ರ್ಯಾಕ್ಟರ್. ಡಾಂಬರಿಗೆ ಒಂದು ಗುಣವಿದೆ. ವೇಗವಾಗಿ ಹೋಗುವ ಭಾರಕ್ಕೆ ಅದು ಕಲ್ಲಿನಂತೆ, ನಿಧಾನವಾಗಿ ಹೋಗುವ ಭಾರಕ್ಕೆ ಜೇನಿನಂತೆ. ಎರಡು ಟ್ರೇಲರ್ ಕಟ್ಟಿಕೊಂಡು ನಿಧಾನವಾಗಿ ಏರು ಹತ್ತುವ ಟ್ರ್ಯಾಕ್ಟರ್ ವೇಗದ ಲಾರಿಗಿಂತ ಹೆಚ್ಚು ಹೊತ್ತು ರಸ್ತೆಯನ್ನು ತುಳಿಯುತ್ತದೆ. ಹೊರಗಿನ ಊರಿನ ಮಿಶ್ರಣದ ಅಂಕಿಗಳನ್ನು ತಂದು ಇಲ್ಲಿ ಅಂಟಿಸಿದರೆ ಆಗುವುದಿಲ್ಲ. ನಮ್ಮ ಕಲ್ಲು, ನಮ್ಮ ಬಿಸಿಲು, ನಮ್ಮ ಗಾಡಿ ನೋಡಿ ಲೆಕ್ಕ ಹಾಕುವ ನಮ್ಮದೇ ಇಂಜಿನಿಯರ್ ಬೇಕು. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ಹೋಗುವವರೂ ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರೂ ಹೆರಿಗೆಗೆಂದು ಕಲಬುರಗಿ ಆಸ್ಪತ್ರೆಗೆ ಹೋಗುವ ತಾಯಂದಿರೂ ಇದೇ ರಸ್ತೆಗಳಲ್ಲಿ ಹೋಗಬೇಕು. ಗುಂಡಿ ಯಾರ ಜಾತಿಯನ್ನೂ ಕೇಳುವುದಿಲ್ಲ.

ನಮ್ಮ ರಾಜ್ಯದ ಒಂದು ಉದಾಹರಣೆ

ಹೆದ್ದಾರಿ ವಿಷಯ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಖನ್ನಾ ಮತ್ತು ಜಸ್ಟೊ ಅವರ ಪುಸ್ತಕ ಗೊತ್ತು. ಅದರ ಲೇಖಕರಲ್ಲಿ ಒಬ್ಬರಾದ ಪ್ರೊ. ಸಿ.ಇ.ಜಿ. ಜಸ್ಟೊ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಎಂಬ ಸಹೋದರರು, ಬೀದಿಯಲ್ಲಿ ಬೀಳುವ ಪ್ಲಾಸ್ಟಿಕ್ಕನ್ನು ಡಾಂಬರಿನಲ್ಲಿ ಬಳಸಬಹುದೇ ಎಂಬ ಪ್ರಶ್ನೆ ಹಿಡಿದುಕೊಂಡು ಇದೇ ವಿಶ್ವವಿದ್ಯಾಲಯಕ್ಕೆ ಹೋದರು. ಪ್ರೊ. ಜಸ್ಟೊ ಮತ್ತು ಪ್ರೊ. ಎ. ವೀರರಾಘವನ್ ಅವರು ಇದೇ ಮಾರ್ಷಲ್ ಪರೀಕ್ಷೆಯನ್ನು ಮಾಡಿ, ಡಾಂಬರಿನ ತೂಕದ ಶೇಕಡಾ 8ರಷ್ಟು ಪ್ಲಾಸ್ಟಿಕ್ ಸೇರಿಸಿದಾಗ ಮಿಶ್ರಣದ ಬಲ ಹೆಚ್ಚುವುದನ್ನು ಕಂಡರು. 2002ರ ಸುಮಾರಿನಿಂದ ಬೆಂಗಳೂರಿನ ರಸ್ತೆಗಳಲ್ಲಿ ಇದು ಬಳಕೆಗೆ ಬಂದಿತು. ಮಧುರೆಯ ತ್ಯಾಗರಾಜರ್ ಕಾಲೇಜಿನ ಪ್ರೊ. ಆರ್. ವಾಸುದೇವನ್ ಅವರೂ ಇದೇ ದಾರಿಯಲ್ಲಿ ಕೆಲಸ ಮಾಡಿ 2018ರಲ್ಲಿ ಪದ್ಮಶ್ರೀ ಪಡೆದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ಮಾರ್ಗಸೂಚಿಯನ್ನೇ ಪ್ರಕಟಿಸಿತು.

ಇದರಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಖಾನ್ ಸಹೋದರರಲ್ಲಿ ಒಂದು ಯೋಚನೆ ಇತ್ತು. ಆ ಯೋಚನೆ ರಸ್ತೆಯಾದದ್ದು ಪ್ರಯೋಗಾಲಯದ ಅಂಕಿಗಳಿಂದ. ಆ ಅಂಕಿಗಳು ಹಳೆಯ ರೆಕಾರ್ಡಿನಿಂದ ನಕಲು ಮಾಡಿದವಾಗಿದ್ದರೆ ಯಾರು ನಂಬುತ್ತಿದ್ದರು?

ಅಳತೆಯೇ ಅಮಾನತ್

ಕುರ್‌ಆನಿನ 83ನೇ ಸೂರಾ ಅಲ್-ಮುತಫ್ಫಿಫೀನ್ ಅಳತೆಯಲ್ಲಿ ಮೋಸ ಮಾಡುವವರ ಕುರಿತು ಎಚ್ಚರಿಸುತ್ತದೆ ಎಂಬುದು ನಿಮಗೆ ಗೊತ್ತು. ನಾವು ಅದನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸುತ್ತೇವೆ. ಪ್ರಯೋಗಾಲಯದ ತಕ್ಕಡಿಯೂ ತಕ್ಕಡಿಯೇ ಅಲ್ಲವೇ? ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಸದಕಾ ಎಂದು ನಮ್ಮ ಪ್ರವಾದಿಗಳು (ಸ) ಕಲಿಸಿದರು. ಹಾಗಿದ್ದರೆ ಗುಂಡಿಯೇ ಬೀಳದಂತೆ ರಸ್ತೆ ಮಾಡುವುದು ಎಂಥ ಸದಕಾ ಆಗಬಹುದು ಎಂದು ಯೋಚಿಸಿ.

ಆ ಹುಡುಗಿ ಮುಂದೆ ಏನಾದಳು ಎಂದು ನೀವು ಕೇಳಬಹುದು. ಓದು ಮುಗಿಸಿ ಒಂದು ರಸ್ತೆ ಕಾಮಗಾರಿಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ, ತಾನು ಮಾಡದ ಪರೀಕ್ಷೆಯ ವರದಿಗೆ ಸಹಿ ಹಾಕಬೇಕೆಂಬ ಮಾತು ಬಂದಿತು. ಅವಳು ಹಾಕಲಿಲ್ಲ. ಅವಳಿಗೆ ಹಾರ ಹಾಕಿ ಯಾರೂ ಸನ್ಮಾನ ಮಾಡಲಿಲ್ಲ. ದೂರದ ಬೇರೆ ಸೈಟಿಗೆ ಹೋಗು ಎಂದರು. ಮನೆಯವರು ಅಷ್ಟು ದೂರ ಬೇಡ ಎಂದರು. ಐದು ತಿಂಗಳು ಅವಳು ಕೆಲಸವಿಲ್ಲದೆ ಮನೆಯಲ್ಲಿ ಕುಳಿತಳು. ಈಗ ಬೇರೆ ಕಡೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ ಕೆಲಸ ಮಾಡುತ್ತಿದ್ದಾಳೆ. ಆ ಐದು ತಿಂಗಳು ನಾವು ಎಲ್ಲಿದ್ದೆವು? ಸಮಾಜ ಎಲ್ಲಿತ್ತು? ಪ್ರಾಮಾಣಿಕರಾಗಿರಿ ಎಂದು ವೇದಿಕೆಯ ಮೇಲೆ ಹೇಳುವ ನಾನೂ ಅವಳಿಗೆ ಒಂದು ಫೋನ್ ಮಾಡಿದ್ದು ಮೂರನೆಯ ತಿಂಗಳಿನಲ್ಲಿ. ಇದನ್ನು ನಾನು ಮರೆಯುವುದಿಲ್ಲ.

ಸಂಘಕ್ಕೆ ನನ್ನ ವಿನಂತಿ

ನಮ್ಮ ಭಾಗದಲ್ಲಿ ಕಾಲೇಜುಗಳಿಗೆ ಕೊರತೆ ಇಲ್ಲ. ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜು 1958ರಲ್ಲಿಯೇ ಆರಂಭವಾಯಿತು. ಖಾಜಾ ಬಂದೇನವಾಝರ ಹೆಸರಿನ ಇಂಜಿನಿಯರಿಂಗ್ ಕಾಲೇಜು 1980ರಲ್ಲಿ ಬಂದಿತು. ಸಂವಿಧಾನದ 371(ಜೆ) ವಿಧಿಯಿಂದ ಸೀಟುಗಳಲ್ಲಿಯೂ ಹುದ್ದೆಗಳಲ್ಲಿಯೂ ಮೀಸಲಾತಿ ದೊರೆತಿದೆ. ಬಾಗಿಲು ತೆರೆದಿದೆ. ಒಳಗೆ ಹೋದ ಮೇಲೆ ಕೈಯಲ್ಲಿ ವಿದ್ಯೆ ಇರಬೇಕು. ಆದ್ದರಿಂದ ಸಂಘದ ಮುಂದೆ ನಾಲ್ಕು ವಿನಂತಿಗಳನ್ನು ಇಡುತ್ತೇನೆ.

ಮೊದಲನೆಯದು, ವಿದ್ಯಾರ್ಥಿವೇತನವನ್ನು ಅಂಕಪಟ್ಟಿ ನೋಡಿ ಮಾತ್ರ ಕೊಡಬೇಡಿ. ತಾನೇ ಕೈಯಾರೆ ಮಾಡಿದ ಒಂದು ಪ್ರಯೋಗವನ್ನು, ತಪ್ಪು ಬಂದಿದ್ದರೆ ಆ ತಪ್ಪಿನ ಸಮೇತ, ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ವಿವರಿಸಬಲ್ಲ ವಿದ್ಯಾರ್ಥಿಗೂ ಕೊಡಿ.

ಎರಡನೆಯದು, ರಜೆಯಲ್ಲಿ ಮಕ್ಕಳನ್ನು ಹಾಟ್ ಮಿಕ್ಸ್ ಪ್ಲಾಂಟಿಗೂ ರಸ್ತೆ ಕೆಲಸ ನಡೆಯುವ ಜಾಗಕ್ಕೂ ಕರೆದುಕೊಂಡು ಹೋಗೋಣ. ಕೈಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಅದಕ್ಕೆ ಹೆಚ್ಚು ಖರ್ಚಿಲ್ಲ. ಟಿಪ್ಪರಿನಲ್ಲಿ ಎಷ್ಟು ಡಿಗ್ರಿ, ಹರಡುವಾಗ ಎಷ್ಟು, ರೋಲರಿನ ಮುಂದೆ ಎಷ್ಟು ಎಂದು ಬರೆದುಕೊಳ್ಳಲಿ. ನಮ್ಮ ಸಮಾಜದ ಎಷ್ಟೋ ಜನ ಆ ಬಿಸಿ ಡಾಂಬರಿನ ಪಕ್ಕದಲ್ಲಿ ಸರಿಯಾದ ಬೂಟು ಇಲ್ಲದೆ ದುಡಿಯುತ್ತಾರೆ. ಅವರಿಗೆ ಗೊತ್ತಿರುವುದು ಪುಸ್ತಕದಲ್ಲಿ ಇಲ್ಲ. ಹೊಗೆಯ ಬಣ್ಣ ನೋಡಿ ಡಾಂಬರು ಸುಟ್ಟಿದೆ ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಅವರನ್ನೂ ಗುರುಗಳೆಂದು ತಿಳಿಯಿರಿ.

ಮೂರನೆಯದು, ಹೆಣ್ಣುಮಕ್ಕಳ ತಂದೆತಾಯಿಗಳಲ್ಲಿ ವಿನಂತಿ. ಸಿವಿಲ್ ಓದಿಸುತ್ತೀರಿ, ಆದರೆ ಸೈಟಿಗೆ ಕಳಿಸುವುದಿಲ್ಲ. ಇಬ್ಬರು ಮೂವರನ್ನು ಒಟ್ಟಿಗೆ ಕಳಿಸುವ, ಹೋಗಿ ಬರುವ ವಾಹನದ ವ್ಯವಸ್ಥೆಯನ್ನು ಸಂಘ ಮಾಡಬಹುದು. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ನಮ್ಮ ಕರ್ನಾಟಕದ ಹೊನ್ನಾವರಕ್ಕೆ ಬಂದಾಗ, ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದವೆಂದು ಬರೆದಿಟ್ಟಿದ್ದಾನೆ. ಅದೇ ಇಬ್ನ್ ಬತೂತಾ ಬಗ್ದಾದಿನ ಸ್ನಾನಗೃಹಗಳಿಗೆ ನೆಲದಿಂದ ಉಕ್ಕುವ ಕಪ್ಪು ಡಾಂಬರನ್ನು ಬಳಿಯುತ್ತಿದ್ದುದನ್ನೂ ವರ್ಣಿಸಿದ್ದಾನೆ. ಡಾಂಬರೂ ಹೆಣ್ಣುಮಕ್ಕಳ ಶಾಲೆಯೂ ನಮಗೆ ನಿನ್ನೆ ಮೊನ್ನೆ ಬಂದವಲ್ಲ.

ನಾಲ್ಕನೆಯದೇ ಮುಖ್ಯ. ಸುಳ್ಳು ವರದಿಗೆ ಸಹಿ ಹಾಕದೆ ಕೆಲಸ ಕಳೆದುಕೊಂಡ ನಮ್ಮ ಮಕ್ಕಳಿಗೆ, ಹೊಸ ಕೆಲಸ ಸಿಗುವವರೆಗೆ ಆಧಾರವಾಗುವ ಒಂದು ಸಣ್ಣ ನಿಧಿಯನ್ನು ಸಂಘ ತೆಗೆದಿಡಲಿ. ನನ್ನ ಒಂದು ತಿಂಗಳ ಸಂಬಳವನ್ನು ಅದಕ್ಕೆ ಇಂದು ಒಪ್ಪಿಸುತ್ತಿದ್ದೇನೆ. ಇದನ್ನು ದಾನವೆಂದು ತಿಳಿಯಬೇಡಿ. ಆ ಮೂರು ತಿಂಗಳ ಸಾಲ ನನ್ನ ಮೇಲಿದೆ.

ಪ್ರೀತಿಯ ವಿದ್ಯಾರ್ಥಿಗಳೇ, ನಾಳೆ ನಿಮ್ಮ ಪ್ರಯೋಗಾಲಯದಲ್ಲಿ ಒಂದು ಬಿಂದು ರೇಖೆಯಿಂದ ಹೊರಗೆ ಬಿದ್ದೀತು. ಪಕ್ಕದವನು ತಿದ್ದು ಎನ್ನುತ್ತಾನೆ. ನನ್ನಂತಹ ಮೇಷ್ಟ್ರೂ ತಿದ್ದು ಎಂದಾರು. ಪೆನ್ಸಿಲ್ ಕೆಳಗಿಟ್ಟು, ಯಾಕೆ ಹೀಗೆ ಬಂತು ಎಂದು ನೋಡಿರಿ. ಮನೆಗೆ ಹೋಗುವಾಗ ಊರ ರಸ್ತೆಯನ್ನೂ ನೋಡುತ್ತ ಹೋಗಿರಿ. ಎಲ್ಲಿ ಹೊಳೆಯುತ್ತಿದೆ, ಎಲ್ಲಿ ಉದುರುತ್ತಿದೆ, ಎಲ್ಲಿ ತಗ್ಗು ಬಿದ್ದಿದೆ, ಕಾರಣ ಏನು ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ.

ನಮ್ಮ ಮಕ್ಕಳಿಗೆ ಅಲ್ಲಾಹನು ಉಪಯುಕ್ತ ಜ್ಞಾನವನ್ನೂ ಅದನ್ನು ನೇರವಾಗಿ ಬಳಸುವ ಧೈರ್ಯವನ್ನೂ ಕೊಡಲಿ, ಆಮೀನ್. 

ವಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹಿ ವ ಬರಕಾತುಹು.